ಬೆಂಚಕ್ಕನ ಜೆರ್ಸಿ

ಫುಟ್‌ಬಾಲ್ ಕ್ಲಬ್ಬಿನ ಹುಡುಗಿಯರು ಅವಳನ್ನು ಬೆಂಚಕ್ಕ ಎಂದು ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡುತ್ತಾರೆ, ಪಾಪ? ಎರಡನೇ ಗೋಲ್‌ಕೀಪರ್ ಎಂದು ತಂಡಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಪೆನಾಲ್ಟಿ ಅಭ್ಯಾಸಕ್ಕೆ ಮೊದಲ ಕೀಪರನ್ನು ನಿಲ್ಲಿಸಿ ದಣಿಸಬಾರದು ಎಂದು ದಿನಾ ಬೆಳಿಗ್ಗೆ ಇವಳನ್ನೇ ನಿಲ್ಲಿಸಿ, ಇಡೀ ತಂಡ ಸಾಲುಗಟ್ಟಿ ಚೆಂಡು ಒದೆಯುತ್ತಿತ್ತು. ಪಂದ್ಯದ ದಿನ ಮಾತ್ರ ಬೆಂಚು. ಆ ಮೊದಲನೆಯವಳಿಗೆ ಒಂದು ನೆಗಡಿಯಾದರೂ ಬರಬಾರದೆ? ಗಟ್ಟಿ ಜೀವ, ಬರಲೇ ಇಲ್ಲ.

ಅವತ್ತು ವರ್ಷದ ಕೊನೆಯ ಪಂದ್ಯ. ಸಮವಾದರೆ ಕ್ಲಬ್ಬು ದೊಡ್ಡ ಲೀಗಿನಲ್ಲಿ ಉಳಿಯುತ್ತದೆ, ಸೋತರೆ ಕೆಳಗಿನದಕ್ಕೆ. ಬೆಂಚಕ್ಕನ ಸಂಕಟವೇ ಬೇರೆ. ಬೆಳಿಗ್ಗೆ ಕೋಚಮ್ಮ ಅವಳನ್ನು ಪಕ್ಕಕ್ಕೆ ಕರೆದು, "ಮುಂದಿನ ವರ್ಷಕ್ಕೆ ನಿನ್ನನ್ನ ಇಟ್ಕೊಳ್ಳೋಕೆ ಆಗಲ್ಲಮ್ಮ. ಬೇಜಾರು ಮಾಡ್ಕೋಬೇಡ," ಎಂದಿದ್ದರು. ಬೇಜಾರು ಮಾಡಿಕೊಳ್ಳಬಾರದಂತೆ! ಒಂದೇ ಒಂದು ಪಂದ್ಯದಲ್ಲೂ ಗೋಲಿನ ಕಂಬಗಳ ನಡುವೆ ನಿಲ್ಲದೆ ಗಂಟುಮೂಟೆ ಕಟ್ಟಬೇಕಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಪಂದ್ಯಕ್ಕೆ ಮೊದಲು ಬೇಲಿಯ ಆಚೆಯಿಂದ ಅವಳ ಅತ್ತೆ ಕೂಗಿದರು. ಅವರು ಮೈದಾನಕ್ಕೆ ಬಂದದ್ದು ಅದೇ ಮೊದಲು.

"ಎಲ್ರೂ ನಿಮ್ಮ ಅಂಗಿ ಹಾಕ್ಕೊಂಡು ಮೆರೀತಿದಾರೆ. ನಂಗೊಂದು ಕೊಡೇ."

"ಇರೋದು ನನ್ನದೊಂದೇ ಅತ್ತೆ."

"ನೀನು ಆಡ್ತೀಯಾ?"

"ಇಲ್ಲ. ಕೂತಿರ್ತೀನಿ."

"ಕೂತ್ಕೊಳ್ಳೋಕೆ ಯಾಕೆ ಅದು? ಜಾಕೆಟ್ ಸಾಲ್ದಾ?"

ಮಾತಿನಲ್ಲಿ ನ್ಯಾಯವಿತ್ತಲ್ಲ! ಬೆಂಚಕ್ಕ ಒಳಗೆ ಹೋಗಿ ಜೆರ್ಸಿ ಬಿಚ್ಚಿ ತಂದುಕೊಟ್ಟಳು. ಬನಿಯನ್ನಿನ ಮೇಲೆ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೂ ಎಳೆದುಕೊಂಡು ಬೆಂಚಿನಲ್ಲಿ ಕುಳಿತಳು. ಇಂಥ ಬುದ್ಧಿಗೇಡಿ ಕೆಲಸ ಮಾಡಬೇಕಾದರೆ ನಾಲ್ಕು ವರ್ಷ ಕೂತೇ ಅಭ್ಯಾಸವಾಗಿರಬೇಕು.

ಇನ್ನೇನು ಪಂದ್ಯ ಮುಗಿಯಬೇಕು, ಎರಡೂ ಕಡೆ ಒಂದೊಂದು ಗೋಲು. ಎದುರಾಳಿಗಳ ಮುಂಚೂಣಿಯವಳು ಚೆಂಡು ಹಿಡಿದು ನುಗ್ಗಿದಳು. ನಮ್ಮ ಮೊದಲ ಕೀಪರ್ ಅಡ್ಡ ಬಿದ್ದಳು. ಧಡ್! ಒಬ್ಬರ ಮೇಲೊಬ್ಬರು. ರೆಫರಿ ಸೀಟಿ ಊದಿ ಪೆನಾಲ್ಟಿ ಎಂದು ತೋರಿಸಿಬಿಟ್ಟಳು. ನಮ್ಮ ಗಟ್ಟಿ ಜೀವ ಮೊಣಕಾಲು ಹಿಡಿದುಕೊಂಡು ಬಿದ್ದದ್ದು ಮತ್ತೆ ಏಳಲಿಲ್ಲ.

"ಏಳು, ಏಳು! ಜಾಕೆಟ್ ತೆಗಿ!" ಕೋಚಮ್ಮ ಬೆಂಚಕ್ಕನ ಭುಜ ಹಿಡಿದು ಅಲುಗಾಡಿಸಿದರು.

ಬೆಂಚಕ್ಕ ಜಿಪ್ಪನ್ನು ಅರ್ಧಕ್ಕೆ ಇಳಿಸಿದವಳೇ ಸರ್ರನೆ ಮೇಲೆಳೆದಳು.

"ಜೆರ್ಸಿ ಎಲ್ಲೇ?"

"ಅತ್ತೆ ಹತ್ರ."

"ಯಾರ ಹತ್ರ?"

"ನಮ್ಮತ್ತೆ ಹತ್ರ ಮೇಡಂ. ಅಲ್ಲಿ, ಮೇಲೆ ಗ್ಯಾಲರಿಲಿ."

ಕೋಚಮ್ಮನ ಮುಖ ನೋಡುವ ಹಾಗಿರಲಿಲ್ಲ. ಇನ್ನೊಬ್ಬರದನ್ನು ಹಾಕಿಕೊಳ್ಳುವಂತಿಲ್ಲ, ರೆಫರಿಗೆ ಬರೆದುಕೊಟ್ಟ ನಂಬರೇ ಬೆನ್ನ ಮೇಲಿರಬೇಕು. "ಕೂತ್ಕೋ ನೀನು! ಮೂರನೆಯವಳೇ, ಎದ್ದೇಳು!" ಎಂದು ಗದರಿದರು.

ಮೂರನೆಯ ಕೀಪರ್ ಇನ್ನೂ ಹದಿನೆಂಟರ ಹುಡುಗಿ. ಅವಳು ಎದ್ದಳು, ಬೆಂಚಕ್ಕನ ಮುಖ ನೋಡಿದಳು, ಮತ್ತೆ ಕುಳಿತು ಸರಿಯಾಗಿಯೇ ಇದ್ದ ಲೇಸನ್ನು ಬಿಚ್ಚತೊಡಗಿದಳು. "ಓಡು ಅಕ್ಕ," ಎಂದು ಬಾಯೊಳಗೇ ಗೊಣಗಿದಳು.

ಬೆಂಚಕ್ಕ ಬಿದ್ದೆನೋ ಕೆಟ್ಟೆನೋ ಎಂದು ಬೇಲಿಯತ್ತ ಓಡಿದಳು. "ಅತ್ತೇ! ಅಂಗಿ ಬಿಚ್ಚೀ!"

"ಇಷ್ಟು ಜನದ ಮುಂದೇನಾ? ಥೂ, ನಿನ್ನ!"

"ನನ್ನನ್ನ ಕರೀತಿದಾರೆ ಅತ್ತೆ! ಆಡೋಕೆ! ನನ್ನನ್ನ!"

ಅತ್ತೆ ತಕ್ಷಣ ಬಟ್ಟೆಯ ಮೇಲೆ ತೊಟ್ಟಿದ್ದ ಜೆರ್ಸಿಗೆ ಕೈ ಹಾಕಿದರು. ಕತ್ತು ಸಿಕ್ಕಿಕೊಂಡಿತು. ಅಕ್ಕಪಕ್ಕದವರು ಎಳೆದರು. ಒಳಗಿನಿಂದಲೇ ಅತ್ತೆ, "ಕಿವಿ, ಕಿವಿ!" ಎಂದು ಕಿರುಚಿದರು. ಪ್ರೇಕ್ಷಕರು ನಗುತ್ತ, ಶಿಳ್ಳೆ ಹೊಡೆಯುತ್ತ ಜೆರ್ಸಿಯನ್ನು ತಲೆಗಳ ಮೇಲಿಂದ ಕೈಯಿಂದ ಕೈಗೆ ಕೆಳಗೆ ಸಾಗಿಸಿದರು. ಕೋಚಮ್ಮ ಬೈಯುತ್ತಲೇ ಗ್ಲೌಸ್ ಎಸೆದರು.

ಗೋಲಿನಲ್ಲಿ ನಿಂತಾಗ ಬೆಂಚಕ್ಕನಿಗೆ ಕುಣಿಯಬೇಕೆನ್ನುವಷ್ಟು ಖುಷಿ. ಎದುರಿನವಳು ಚೆಂಡಿಟ್ಟು ಹಿಂದೆ ಸರಿದಳು, ಎಡಮೂಲೆಯನ್ನೇ ದಿಟ್ಟಿಸಿದಳು. ನೋಡು, ನೋಡು! ಅಭ್ಯಾಸದಲ್ಲಿ ಇಂಥ ನಾಟಕ ದಿನಕ್ಕೆಷ್ಟು ನೋಡಿಲ್ಲ ಬೆಂಚಕ್ಕ! ಓಡಿ ಬಂದವಳ ಸೊಂಟ ತಿರುಗುವವರೆಗೂ ಬೆಂಚಕ್ಕ ಅಲ್ಲಾಡಲಿಲ್ಲ. ಆಮೇಲೆ ಬಲಕ್ಕೆ ಹಾರಿದಳು. ಚೆಂಡು ಬೆರಳ ತುದಿಗೆ ತಾಗಿ ಕಂಬಕ್ಕೆ ಬಡಿದು ಪುಟಿದು ಬಂತು. ಬಿದ್ದಲ್ಲಿಂದಲೇ ಹೊರಳಿ ಅದನ್ನು ಹೊಟ್ಟೆಗೆ ಅವಚಿಕೊಂಡಳು.

ಮೈದಾನ ಕಿತ್ತುಹೋಗುವಂಥ ಕೂಗು. ತಂಡದವರೆಲ್ಲ ಅವಳ ಮೇಲೆ ಬೀಳಲು ಓಡಿ ಬಂದರು.

"ಇನ್ನೂ ಮುಗಿದಿಲ್ಲ, ಹೋಗ್ರೇ! ನಿಮ್ಮ ನಿಮ್ಮ ಜಾಗಕ್ಕೆ ಹೋಗಿ!" ಬೆಂಚಕ್ಕ ಗುಡುಗಿದಳು. ಅವಳಿಗೆ ಇಂಥ ಗಂಟಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯರು ಬಾಲ ಮುದುರಿಕೊಂಡು ವಾಪಸ್ ಓಡಿದರು. ಅವಳು ಚೆಂಡನ್ನು ಇಷ್ಟೆತ್ತರ ಒದ್ದಳು. ಅದು ನೆಲ ಮುಟ್ಟುವ ಮೊದಲೇ ಕೊನೆಯ ಸೀಟಿ ಬಿತ್ತು.

ಉಳಿದುಕೊಂಡರು! ನಾಯಕಿ ಅಳುತ್ತ ನಗುತ್ತ ಬಂದು ಅವಳ ಕತ್ತಿಗೆ ಜೋತುಬಿದ್ದಳು. "ಮುಗೀತು ಕಣೇ! ಬಾ, ನಿನ್ನನ್ನ ಎತ್ಕೊಂಡು ಕುಣೀಬೇಕಂತೆ ಎಲ್ರೂ."

"ಮುಗೀತಾ? ಇಷ್ಟು ಬೇಗ?"

"ಹ್ಞೂಂ ಮತ್ತೆ! ಬಾರೇ."

"ನೀವು ಹೋಗಿ. ನಾನು ಸ್ವಲ್ಪ ಹೊತ್ತು ಇಲ್ಲೇ ನಿಂತಿರ್ತೀನಿ."

ದೂರದಿಂದ ಕೋಚಮ್ಮನೂ ಎರಡು ಕೈ ಬೀಸಿ ಕರೆದರು. ಬೆಂಚಕ್ಕ ನೋಡಿದಳು, ನಕ್ಕಳು. ಹೋಗಲಿಲ್ಲ.