ಸೊಲ್ಲು ನಿಂತಾಗ

ಮೂರ್ಛೆ ಬರುವ ಮುನ್ನ ಜಂಬಮ್ಮನ ಮೂಗಿಗೆ ಸುಟ್ಟ ಸಜ್ಜೆಯ ವಾಸನೆ ಬಡಿಯುತ್ತಿತ್ತು. ಆಮೇಲೆ ಏನೂ ಇಲ್ಲ. ಕಣ್ಣು ತೆರೆದಾಗ ಸುತ್ತ ಮುಖಗಳು, ಬಾಯಲ್ಲಿ ರಕ್ತದ ರುಚಿ, ತೊಯ್ದ ಸೀರೆ. ನಡುವೆ ತಾನೆಲ್ಲಿಗೆ ಹೋಗಿದ್ದೆ ಎಂಬುದನ್ನು ಅವಳಿಗೆ ಹೇಳಬಲ್ಲವರು ಯಾರೂ ಇರಲಿಲ್ಲ. ಜೀವ ಮೈ ಬಿಟ್ಟು ಅಡ್ಡಾಡಲು ಹೋಗಿರುತ್ತದೆ, ಅಂಗೈಗೆ ಕಬ್ಬಿಣ ಕೊಟ್ಟರೆ ದಾರಿ ಹುಡುಕಿಕೊಂಡು ಬರುತ್ತದೆ, ಅಲ್ಲಿತನಕ ಯಾರೂ ಮುಟ್ಟಬಾರದು, ಮುಟ್ಟಿದರೆ ಬೇನೆ ಇನ್ನೊಂದು ಮೈಗೆ ದಾಟುತ್ತದೆ ಎಂದು ದೇವದುರ್ಗದ ಅವಳ ಓಣಿಯೆಲ್ಲ ನಂಬಿತ್ತು.

ಗಿಲ್ಲೆಸುಗೂರಿನ ಗಂಡನ ಮನೆಯಲ್ಲೂ ಅದೇ ನಂಬಿಕೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮೇಲೆಯೇ ಬಿದ್ದಳು. ಅತ್ತೆ ಕಬ್ಬಿಣದ ಕೀಲಿಕೈ ಹುಡುಕಿ ತರುವಷ್ಟರಲ್ಲಿ ಎಡಗೈ ಮೊಣಕೈತನಕ ಬೆಂದಿತ್ತು. ಗಾಯ ಮಾಯುವ ಮುಂಚೆಯೇ ತವರಿಗೆ ಕಳಿಸಿದರು. ಮತ್ತೆ ಕರೆಯಲು ಯಾರೂ ಬರಲಿಲ್ಲ.

ತಾಯಿ ಭೀಮವ್ವ ಅವಳನ್ನು ರಾಯಚೂರಿನ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಬೆಂಕಿ, ನೀರು, ಬಾವಿ ಯಾವುದರ ಹತ್ತಿರವೂ ಸುಳಿಯಬಾರದು ಎಂದರು.

"ಹಂಗಾರ ಇಕಿ ಬಾಳೇವು ಎಲ್ಲಿ ಮಾಡ್ಬೇಕ್ರೀ?" ಎಂದಳು ಭೀಮವ್ವ. ಗುಳಿಗೆಯ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮಗಳೊಂದಿಗೆ ಹೊರಬಂದಳು.

ಗುಳಿಗೆಯಿಂದ ಮೂರ್ಛೆ ಅಪರೂಪವಾಯಿತು, ನಿಲ್ಲಲಿಲ್ಲ. ಅಣ್ಣ ಹೊಲಕ್ಕೆ ಹೋಗುವಾಗ ಅವಳ ಕಾಲನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಹೋಗತೊಡಗಿದ. ಹಗ್ಗ ಒತ್ತದಿರಲೆಂದು ಅರಿವೆ ಸುತ್ತುತ್ತಿದ್ದ, ಪ್ರೀತಿಯಿಂದಲೇ.

ಎಪ್ಪತ್ತೆಂಟರ ಶ್ರಾವಣದಲ್ಲಿ ನೀಲಗಂಗಮ್ಮನ ಹೆಣ್ಣಾಳುಗಳ ಗುಂಪು ಮಾನ್ವಿ ಸೀಮೆಯ ಕಾಲುವೆ ಗದ್ದೆಗಳಿಗೆ ಭತ್ತದ ನಾಟಿಗೆ ಹೊರಟಿತು. ತಾನೂ ಬರುತ್ತೇನೆಂದು ಜಂಬಮ್ಮ ಹಟ ಹಿಡಿದಳು. ಈ ಸಲ ಉಳಿದರೆ ಇನ್ನು ಸಾಯುವತನಕ ಕಂಬದ ಜೊತೆಯೇ ಸಂಸಾರವೆಂದು ಅವಳಿಗೆ ಗೊತ್ತಿತ್ತು. ನೀಲಗಂಗಮ್ಮ ಒಪ್ಪಲಿಲ್ಲ. ಬಗ್ಗಿ ಹಿಂದೆ ಸರಿಯುತ್ತ ಸಸಿ ಹಚ್ಚುವಾಗ ಯಾರ ಮುಖವನ್ನು ಯಾರೂ ನೋಡುವುದಿಲ್ಲ, ಬೋರಲು ಬಿದ್ದವಳಿಗೆ ಗೇಣು ನೀರೂ ಸಾಕು ಎಂದಳು.

ಉಪಾಯ ಹೇಳಿದವಳು ಅದೇ ಗುಂಪಿನ ಕಮರುನ್ನೀಸಾ. ಅವಳ ತಮ್ಮ ಇದೇ ಬೇನೆಯಿಂದ ಬಾವಿಗೆ ಬಿದ್ದು ಸತ್ತಿದ್ದ. ನಾಟಿ ಹಾಡಿನ ಸೊಲ್ಲು ಸಾಲಿನಲ್ಲಿ ಒಬ್ಬಳ ಬಾಯಿಂದ ಇನ್ನೊಬ್ಬಳಿಗೆ ದಾಟುತ್ತ ಹೋಗುತ್ತದಲ್ಲ, ಜಂಬಮ್ಮನಿಂದ ಸೊಲ್ಲು ಹಿಡಿಯುವವಳು ನಾನೇ ಆಗುತ್ತೇನೆ, ಬರದಿದ್ದರೆ ತಿರುಗಿ ನೋಡುತ್ತೇನೆ ಎಂದಳು. ಆಗ ನೀಲಗಂಗಮ್ಮ ಹೂಂ ಎಂದಳು.

ಸಿರವಾರದ ಹತ್ತಿರದ ಗದ್ದೆಯಲ್ಲಿ ಜಂಬಮ್ಮ ಹಾಡಿದಳು. ಏಳು ಕಡಲಿನಾಚೆಯ ಬಂಗಾರದ ಗಿಳಿಯೊಂದು ತನ್ನ ಗಂಟಲಲ್ಲಿ ಕೂತಿದೆ ಎನಿಸುತ್ತಿತ್ತು ಅವಳಿಗೆ. "ಇಕಿ ಮೈಯಾಗ ಹಾಡೋ ದೆವ್ವ ಅದ ಬೇ," ಎಂದು ಸಾಲಿನಲ್ಲಿದ್ದ ಬಂಡೆಮ್ಮ ಚೇಷ್ಟೆ ಮಾಡಿದರೆ ಎಲ್ಲರ ಜೊತೆ ಅವಳೂ ನಕ್ಕಳು.

ಒಂದು ಮಧ್ಯಾಹ್ನ ಸೊಲ್ಲು ಅವಳತನಕ ಬಂದು ನಿಂತುಬಿಟ್ಟಿತು. ಕಮರುನ್ನೀಸಾ ಸಸಿಯ ಕಟ್ಟು ಎಸೆದು, ಕೆಸರಲ್ಲಿ ಹೂತಿದ್ದ ಮುಖವನ್ನು ಎತ್ತಿ, ಮೈಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಳು. ಉಳಿದವರು ಅಂಗೈಗೆ ಕೊಡಲು ಕುಡಗೋಲು ತರಲು ಬದುವಿಗೆ ಓಡಿದರು, ಮುಟ್ಟಬೇಡವೆಂದು ಕೂಗಿದರು.

ಜಂಬಮ್ಮ ಕಣ್ಣು ತೆರೆದಾಗ ಬದುವಿನ ಮೇಲೆ ಕಮರುನ್ನೀಸಾಳ ತೊಡೆಯ ಮೇಲಿದ್ದಳು. ಹಲ್ಲಿನ ಸಂದಿಯಲ್ಲೆಲ್ಲ ಕೆಸರು. ಬಂಡೆಮ್ಮ ಮತ್ತು ಅವಳ ನಾದಿನಿ ಗಂಟು ಕಟ್ಟುತ್ತಿದ್ದರು. ಕಬ್ಬಿಣ ಕೊಡುವ ಮೊದಲೇ ಮುಟ್ಟಿಬಿಟ್ಟಿರಿ, ಇವಳಿಂದ ಹೊರಬಿದ್ದ ಬೇನೆ ಈಗ ಇನ್ನೊಂದು ಮೈ ಹುಡುಕುತ್ತದೆ, ನಮಗೆ ಮೊಲೆಯುಣ್ಣುವ ಕೂಸುಗಳಿವೆ ಎಂದು ಹೇಳಿ, ಹಿಂದೆ ನೋಡದೆ ಕಾಲುವೆ ದಾರಿ ಹಿಡಿದರು.

ನೀಲಗಂಗಮ್ಮ ಬೈಯಲಿಲ್ಲ. "ನಾಳಿಂದ ಬದುವಿನ ಮ್ಯಾಲ ಅಡಗಿ ಮಾಡು ಯವ್ವಾ. ಕುಂತು ಮಾಡೋ ಕೆಲಸ. ನೀರಿನ ಸುದ್ದಿ ಬ್ಯಾಡ."

ಕಚ್ಚಿಕೊಂಡ ನಾಲಿಗೆ ಬಾತು ಮಾತು ತೊದಲುತ್ತಿತ್ತು. ಜಂಬಮ್ಮ ಸೆರಗು ಸರಿಸಿ, ಸುಕ್ಕುಗಟ್ಟಿದ ಎಡಗೈಯನ್ನು ಮುಂದೆ ಚಾಚಿದಳು.

"ನೀರಾಗ ಬಿದ್ರ ಬಗಲಾಗ ನೀವಿರ್ತೀರಿ. ಒಲಿ ಮುಂದ ನಾ ಒಬ್ಬಾಕಿ."

ನೀಲಗಂಗಮ್ಮ ಆ ಕೈ ನೋಡಿ, ಗದ್ದೆಯ ಕಡೆ ತಿರುಗಿದಳು. ಅರ್ಧ ಗದ್ದೆ ಹಾಗೇ ಉಳಿದಿತ್ತು, ಆಳು ಇಬ್ಬರು ಕಡಿಮೆ. ಬೇನೆ ಮತ್ತೆ ಬರುತ್ತದೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಡೆಗೆ ಅವಳು ಕಮರುನ್ನೀಸಾಳ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ಹೆಂಗ ಹೊಳ್ಳಿಸಿದಿ, ನನಗೂ ತೋರ್ಸು. ಒಂದು ಕಡಿ ನೀ ನಿಲ್ಲು, ಒಂದು ಕಡಿ ನಾ ನಿಲ್ತೀನಿ."

ಕಮರುನ್ನೀಸಾ ತೋರಿಸಿದಳು. ನೀಲಗಂಗಮ್ಮ ಕೆಸರುಗೈಯನ್ನು ಸೆರಗಿಗೆ ಒರೆಸಿಕೊಂಡು ಜಂಬಮ್ಮನ ಹೆಗಲತ್ತ ಚಾಚಿದಳು. ಅವಳ ಮನೆಯಲ್ಲೂ ತೊಟ್ಟಿಲ ಮೊಮ್ಮಗಳಿದ್ದಳು. ಆದರೂ ಹಿಡಿದಳು.