ಬೆವರಿಗೂ ಸೂಟು

ಕೊಟ್ಟೂರಿನ ಆ ಮಹಿಳಾ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ಅರ್ಚನಾ ಎಂದು ಎಲ್ಲರೂ ನಂಬಿದ್ದರು. ನಂಬದೆ ವಿಧಿಯಿರಲಿಲ್ಲ. ಅವಳು ಟ್ರಸ್ಟಿನ ಅಧ್ಯಕ್ಷ ಅಮರೇಶಪ್ಪನವರ ತಮ್ಮನ ಮಗಳು. ಅಂಕಣಕ್ಕೆ ಸಿಮೆಂಟು ಹಾಕಿಸಿದವರು ಅಮರೇಶಪ್ಪ. ಎರಡೂ ಬುಟ್ಟಿಗಳ ಹಿಂದಿನ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಅವರದೇ ಹೆಸರು. ಚೆಂಡು ಬುಟ್ಟಿಗೆ ಬೀಳಲಿ ಬಿಡಲಿ, ಮೊದಲು ಆ ಹೆಸರಿಗೆ ಬಡಿದು ನಮಸ್ಕಾರ ಹೇಳಿಯೇ ಮುಂದೆ ಹೋಗಬೇಕಾಗಿತ್ತು.

ದೈಹಿಕ ಶಿಕ್ಷಣದ ಪುಷ್ಪಲತಾಗೆ ಮಾತ್ರ ಈ ನಂಬಿಕೆ ಹೊಟ್ಟೆಯಲ್ಲಿ ಜೀರ್ಣವಾಗುತ್ತಿರಲಿಲ್ಲ. ಅವಳು ಅಲ್ಲಿ ಅತಿಥಿ ಶಿಕ್ಷಕಿ. ವರ್ಷ ವರ್ಷವೂ ಹೊಸ್ತಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಬೇಕಾದ ಅತಿಥಿ. ಅವಳು ನೋಡಿದ್ದೇನೆಂದರೆ, ಅರ್ಚನಾ ಚೆಂಡನ್ನು ಬುಟ್ಟಿಗೆ ಹಾಕುತ್ತಿದ್ದದ್ದು ನಿಜ, ಆದರೆ ಒಂದು ಹಾಕಲು ಮೂರು ಕಳೆಯುತ್ತಿದ್ದಳು. ಕಳೆದದ್ದನ್ನು ಯಾರೂ ಎಣಿಸುತ್ತಿರಲಿಲ್ಲ. ಅದೇ ತಂಡದ, ಹೊಸಹಳ್ಳಿಯ ಹುಲುಗಮ್ಮ ಬುಟ್ಟಿಯ ಕಡೆ ತಲೆ ಎತ್ತುತ್ತಿದ್ದದ್ದೇ ಅಪರೂಪ. ಎದುರಿನವರ ಚೂಟಿ ಹುಡುಗಿಯ ಮುಂದೆ ಬೇಲಿ ಹಾಕಿದಂತೆ ನಿಲ್ಲುವಳು, ಹಲಗೆಗೆ ಬಡಿದು ಬಂದ ಚೆಂಡನ್ನು ಎಗರಿ ಹಿಡಿಯುವಳು, ಹಿಡಿದದ್ದನ್ನು ಇನ್ನೊಬ್ಬಳ ಕೈಗಿಟ್ಟು ಸುಮ್ಮನಾಗುವಳು. ಚಪ್ಪಾಳೆ ಆ ಇನ್ನೊಬ್ಬಳಿಗೆ. ಆದರೂ ಹುಲುಗಮ್ಮ ಒಳಗಿದ್ದರೆ ತಂಡ ಮುಂದೆ, ಹೊರಗೆ ಕೂತರೆ ತಂಡ ಹಿಂದೆ.

ದೂರದ ದೇಶಗಳಲ್ಲಿ ಕೆಲವರು ಈ ಆಟದ ಪ್ರತಿಯೊಂದು ಉಸಿರನ್ನೂ ಎಣಿಸಿ, ಕಣ್ಣಿಗೆ ಬೀಳದವರ ಬೆಲೆಯನ್ನು ಕಣ್ಣಿಗೆ ಕಟ್ಟುವಂತೆ ಮಾಡಿದ್ದಾರೆಂದು ಪುಷ್ಪಲತಾ ಓದಿಕೊಂಡಿದ್ದಳು. ಮೊದಲು ಜನ ಅವರನ್ನು ನೋಡಿ ನಕ್ಕಿದ್ದರಂತೆ. ಅದು ಅವಳಿಗೆ ತುಂಬ ಹಿಡಿಸಿತ್ತು. ಒಂದು ದಿನ ಹಾಸ್ಟೆಲಿನ ಅಡುಗೆಯವರ ಹತ್ತಿರ ಇದ್ದಿಲು ಈಸಿಕೊಂಡು ಬಂದು, ಅಂಕಣದ ಪಕ್ಕದ ಸುಣ್ಣದ ಗೋಡೆಯ ಮೇಲೆ ಹುಡುಗಿಯರ ಹೆಸರು ಬರೆದಳು. ಲೆಕ್ಕ ಸರಳ. ಒಬ್ಬಳು ಅಂಕಣದಲ್ಲಿದ್ದಷ್ಟು ಹೊತ್ತು ನಾವು ಗಳಿಸಿದ್ದೆಷ್ಟು, ಅದರಲ್ಲಿ ಎದುರಿನವರು ಗಳಿಸಿದ್ದನ್ನು ಕಳೆದರೆ ಉಳಿಯುವುದೆಷ್ಟು? ಉಳಿದದ್ದು ಅವಳದು.

ಪುಷ್ಪಲತಾ ಉಳಿಸಿಕೊಳ್ಳಬೇಕಾದ ಮಾತೂ ಒಂದಿತ್ತು. ತಂಡದ ಮೊದಲ ಐದು ಮಂದಿಗೆ ಮಾತ್ರ ಹಾಸ್ಟೆಲಿನಲ್ಲಿ ಜಾಗ ಎಂಬುದು ಟ್ರಸ್ಟಿನ ನಿಯಮ. ಹೊಸಹಳ್ಳಿಗೆ ತಾನೇ ಹೋಗಿ, ಹುಲುಗಮ್ಮನ ತಾಯಿ ಗೀತಮ್ಮನೆದುರು ಚಾಪೆಯ ಮೇಲೆ ಕೂತು, “ಜಾಗ ಕೊಡಸೋದು ನನಗ ಬಿಡ್ರಿ” ಎಂದು ಮಾತು ಕೊಟ್ಟು ಹುಡುಗಿಯನ್ನು ಕರೆತಂದವಳು ಪುಷ್ಪಲತಾ. ಜಾಗ ಸಿಗುವ ತನಕ ಹುಲುಗಮ್ಮ ಅವಳ ಬಾಡಿಗೆ ಮನೆಯ ಪಡಸಾಲೆಯಲ್ಲೇ ಮಲಗುತ್ತಿದ್ದಳು. ಮನೆಯ ಯಜಮಾನರು ಬಲು ಒಳ್ಳೆಯವರು, “ಆ ಹುಡುಗಿ ಯಾರ ಪೈಕಿರಿ?” ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುವುದನ್ನು ಬಿಟ್ಟರೆ ಬೇರೆ ತೊಂದರೆ ಕೊಡುತ್ತಿರಲಿಲ್ಲ. ಈಚೆಗೆ ಮಧ್ಯಾಹ್ನವೂ ಕೇಳತೊಡಗಿದ್ದರು.

ಗೋಡೆ ತುಂಬುವ ಹೊತ್ತಿಗೆ ಅಮರೇಶಪ್ಪನವರ ಸವಾರಿ ಬಂತು. ಹಿಂದೆ ಅವರ ದಲಾಲಿ ಅಂಗಡಿಯ ತೂಕದ ಗಾದೆಪ್ಪ.

“ಏನ್ರಿ ಮೇಡಮ್ಮನೋರ, ಗ್ವಾಡಿ ತುಂಬ ಏನ ಗೀಚೀರಿ?”

“ಲೆಕ್ಕರಿ ಸರ್. ಯಾರು ಇದ್ದಾಗ ತಂಡಕ್ಕ ಎಷ್ಟು ಲಾಭ ಅನ್ನೋದು.”

“ಲಾಭ!” ಅಮರೇಶಪ್ಪನವರ ಮುಖ ಅರಳಿತು. “ಭೇಷ್! ಇದು ನಮ್ಮ ಮನಿತನದ ವಿದ್ಯಾ ನೋಡ್ರಿ. ಆಟದಾಗೂ ಲಾಭ ನೋಡಬೇಕು ಅಂತ ಈ ಐದು ತಾಲೂಕಿನಾಗ ಯಾರಿಗರ ಹೊಳದಿತ್ತೇನು? ನಮ್ಮ ಕಾಲೇಜಿಗೆ ಹೊಳೀತು. ಗಾದೆಪ್ಪಾ, ಪೇಪರಿನವ್ರಿಗೆ ಫೋನ್ ಹಚ್ಚು.”

ಗಾದೆಪ್ಪ ಫೋನು ತೆಗೆಯುವಷ್ಟರಲ್ಲಿ ಸಾಹುಕಾರರ ಕಣ್ಣು ಮೇಲಿನ ಹೆಸರಿಗೆ ಹೋಯಿತು. ಹುಲುಗಮ್ಮ. ಅಲ್ಲಿಂದ ಕೆಳಗಿಳಿಯಿತು, ಇನ್ನೂ ಕೆಳಗಿಳಿಯಿತು, ಅರ್ಚನಾ ಎಂಬಲ್ಲಿ ನಿಂತಿತು.

“ನಮ್ಮ ಹುಡುಗಿ ಹೆಸರಿನ ಮುಂದ ಅಡ್ಡಗೆರಿ ಯಾಕ್ರಿ?”

“ಅದು ಕಳೆಯೋ ಚಿಹ್ನೆರಿ ಸರ್.”

“ಅಂದ್ರ?”

“ಆಕಿ ಇದ್ದಾಗ ತಂಡಕ್ಕ... ಸ್ವಲ್ಪ ನಷ್ಟ ಆಗೈತ್ರಿ.”

“ಫೋನ್ ಇಡೋ ಗಾದೆಪ್ಪಾ.”

ಅಮರೇಶಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗುವುದು ಬಡವರ ಚಟ. ಅವರು ಗೋಡೆಯನ್ನು ಕೈಯಿಂದ ಸವರಿ, ಬೆರಳಿಗಂಟಿದ ಮಸಿಯನ್ನು ಮೂಸಿ ನೋಡಿದರು. ಅವರ ಅಂಗಡಿಯಲ್ಲಿ ರೈತ ತಂದ ಶೇಂಗಾವನ್ನು ಮೂಸುವುದೂ ಹೀಗೆಯೇ.

“ಮೇಡಮ್ಮನೋರ, ಲೆಕ್ಕ ಹಿಂಗ ಹಸಿ ಹಸಿ ಇರಬಾರದು. ಯಾವ ಮಾಲಾದ್ರೂ ಹೊಲದಿಂದ ಬಂದಂಗ ಕಾಟಾಕ್ಕ ಹಾಕ್ತೀವೇನು? ಸೂಟು ಮುರೀಬೇಕು.”

ಸೂಟು ಎಂದರೇನೆಂದು ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಚೀಲದಲ್ಲಿ ಮಣ್ಣಿದೆ, ಕಾಳು ಹಸಿ ಇದೆ, ಹೊಟ್ಟಿದೆ ಎಂದು ಹೇಳಿ ದಲಾಲಿ ಅಂಗಡಿಯವರು ತೂಕದಲ್ಲಿ ಮುರಿದುಕೊಳ್ಳುವ ಪಾಲು ಅದು. ಹಾಗೆ ಮುರಿಯಬಾರದೆಂದು ಮಾರುಕಟ್ಟೆಯ ಬಾಗಿಲಲ್ಲೇ ಬೋರ್ಡಿದೆ. ಬೋರ್ಡಿನ ನೆರಳಿನಲ್ಲಿ ನಿಂತು ಮುರಿಯುತ್ತಾರೆ, ಬಿಸಿಲು ಜಾಸ್ತಿ ನೋಡಿ.

“ಸರ್, ಅಂಕದಾಗ ಮಣ್ಣು ಹೆಂಗ್ ಇರತೈತ್ರಿ?”

“ಹೊಸಹಳ್ಳಿ ಮಾಲು ಅಂದಮ್ಯಾಲ ಮಣ್ಣು ಇದ್ದ ಇರತೈತಿ. ಮೂವತ್ತು ವರ್ಷ ನೋಡೀನಿ.”

“ಹಸಿ? ಅಂಕ ಹಸಿ ಇರತಾವೇನ್ರಿ?”

ಅಮರೇಶಪ್ಪ ಅಂಕಣದತ್ತ ನೋಡಿದರು. ಹುಲುಗಮ್ಮ ಓಡಿ ಓಡಿ ತೊಯ್ದು ತೊಪ್ಪೆಯಾಗಿದ್ದಳು. ಅರ್ಚನಾ ನಿಂತಲ್ಲೇ ಕೈ ಚಾಚಿ ಚೆಂಡಿಗಾಗಿ ಕಾಯುತ್ತಿದ್ದಳು, ಒಣಗಿದ ಕೊಬ್ಬರಿಯಂತೆ.

“ಬೆವರು ಹಸಿ ಅಲ್ಲೇನ್ರಿ ಮತ್ತ? ಅದನ್ನ ಮುರೀರಿ. ಆ ನಮ್ಮ ಹುಡುಗಿ ನೋಡ್ರಿ, ಹೆಂಗ ಒಣಗೈತಿ ಮಾಲು! ಅದಕ್ಕ ಕೊಸರು ಹಾಕ್ರಿ.”

ಕೊಸರು ಅಂದರೆ ಅಳೆದ ಮೇಲೆ ಕೈಯಿಂದ ಹಾಕುವ ಹೆಚ್ಚಿನ ಹಿಡಿ. ಮರುದಿನದಿಂದ ಗಾದೆಪ್ಪ ಕಾಲೇಜಿನ ಅಂಕಿಅಂಶ ಸಲಹೆಗಾರನಾದ. ಅವನು ಕೆಟ್ಟವನೇನಲ್ಲ; ಕೈ ಕಲಿತದ್ದನ್ನು ಮಾಡುತ್ತಿದ್ದ. ಹುಲುಗಮ್ಮನ ಹೆಸರಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ, “ಮಣ್ಣು ಒಂದು, ಹಸಿ ಒಂದು, ಹೊಟ್ಟು ಅರ್ಧ” ಎಂದು ಒರೆಸುವನು. ಅರ್ಚನಾಳ ಹೆಸರಿಗೆ ಬಂದಾಗ ಕೈ ತಾನಾಗಿ ಉದಾರವಾಗುವುದು.

“ಗಾದೆಪ್ಪಣ್ಣ, ನನ್ನಾಗ ಹೊಟ್ಟು ಎಲ್ಲಿ ಕಂಡಿತೋ ನಿನಗ?” ಎಂದು ಹುಲುಗಮ್ಮ ಒಂದು ದಿನ ಕೇಳಿಯೇಬಿಟ್ಟಳು.

“ಎಲ್ಲಾರ್ದಾಗೂ ಇರತೈತಿ ತಂಗಿ. ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮಪ್ಪನ ಚೀಲದಾಗೂ ಇರತಿತ್ತು.”

“ಸಾವ್ಕಾರ್ರ ಮನಿ ಚೀಲದಾಗ?”

“ಅದನ್ನ ಯಾರು ತೂಗ್ಯಾರ?” ಎಂದ ಗಾದೆಪ್ಪ ನಿಜಕ್ಕೂ ಆಶ್ಚರ್ಯಪಟ್ಟು.

ಸೂಟು ಮುರಿದು ಕೊಸರು ಹಾಕಿದ ಮೇಲೆ ಅರ್ಚನಾ ಮೊದಲಿಗಳಾದಳು, ಹುಲುಗಮ್ಮ ಆರನೆಯವಳಾದಳು. ಆರನೆಯವಳಿಗೆ ಬೆಂಚು ಉಂಟು, ಹಾಸ್ಟೆಲ್ ಇಲ್ಲ. ಹರಪನಹಳ್ಳಿಯ ಪಂದ್ಯ ಮುಗಿದ ಕೂಡಲೇ ಐವರ ಹೆಸರು ಹಾಸ್ಟೆಲಿಗೆ ಹೋಗುತ್ತದೆಂದು ಆಫೀಸಿನಿಂದ ಹೇಳಿಕಳಿಸಿದರು. ಪುಷ್ಪಲತಾ ಅವತ್ತು ಗೋಡೆಯೆದುರು ನಿಂತು ಆ ಆರನೆಯ ಹೆಸರನ್ನೇ ಮತ್ತೆ ಮತ್ತೆ ಓದಿದಳು. ತಾನೇ ಬರೆದ ಗೋಡೆ ತಾನು ಕರೆತಂದ ಹುಡುಗಿಯನ್ನೇ ಹೊರಗೆ ತಳ್ಳಿತ್ತಲ್ಲ! ಎಣಿಸದೆ ಇದ್ದಾಗ ಹುಲುಗಮ್ಮ ಯಾರಿಗೂ ಕಾಣುತ್ತಿರಲಿಲ್ಲ. ಎಣಿಸಿದ ಮೇಲೆ ಕಂಡಳು, ಕಂಡದ್ದೇ ತಪ್ಪಾಯಿತು.

ಹರಪನಹಳ್ಳಿಯ ಅಂಕಣದಲ್ಲಿ ಎದುರಾಳಿ ಹಡಗಲಿಯ ಕಾಲೇಜು. ಬೆಂಚಿನ ಮೇಲೆ ಒಂದು ಪಕ್ಕ ಹುಲುಗಮ್ಮ, ಇನ್ನೊಂದು ಪಕ್ಕ ಗಾದೆಪ್ಪ, ನಡುವೆ ನೀರಿನ ಕೊಡ. ಅರ್ಚನಾ ಹೊಡೆದಳು, ಹಲಗೆಗೆ ಬಡಿಯಿತು. ಮತ್ತೆ ಹೊಡೆದಳು, ಹಲಗೆಗೂ ಬಡಿಯಲಿಲ್ಲ. ಅರ್ಧ ಆಟಕ್ಕೆ ಕೊಟ್ಟೂರು ಎಷ್ಟು ಹಿಂದೆ ಬಿದ್ದಿತ್ತೆಂದರೆ ಅಮರೇಶಪ್ಪ ಮುಂದಿನ ಸಾಲಿನ ಸೋಫಾದಿಂದ ಎದ್ದು ನೇರ ರೆಫರಿಯ ಬಳಿ ಹೋದರು.

“ಏನ್ರಿ, ಹಡಗಲಿಯವ್ರ ಅಂಕಕ್ಕ ಸೂಟು ಮುರದಿಲ್ಲಲ್ಲ ನೀವು?”

ರೆಫರಿ ದಾವಣಗೆರೆಯ ಕಡೆಯವನು. ತಾನು ಕೇಳಿದ್ದು ಸರಿಯೇ ಎಂದು ಕಿವಿಯಲ್ಲಿ ಬೆರಳಾಡಿಸಿಕೊಂಡ. “ಸ್ವಾಮಿ, ಇದು ಆಟ ಕಣ್ರೀ. ಶೇಂಗಾ ಅಲ್ಲ.”

“ಆಟ ಆದ್ರೇನು, ಹೊರಗಿನ ಮಾಲಲ್ಲೇನು? ಅವ್ರ ಅಂಕದಾಗ ಹೊಳಿ ದಂಡಿ ಉಸುಕು ಐತಿ, ನಮ್ಮ ಗಾದೆಪ್ಪನ್ನ ಕರಸ್ತೀನಿ, ಕಣ್ಣಿಲೆ ನೋಡಿ ಹೇಳ್ತಾನ.”

“ಕೂತ್ಕೊಳ್ಳಿ ಸ್ವಾಮಿ. ಇಲ್ಲಾಂದ್ರೆ ನಿಮ್ಮನ್ನೇ ಮುರೀಬೇಕಾಗುತ್ತೆ.”

ಅದೇ ಹೊತ್ತಿಗೆ ಅರ್ಚನಾ ಪುಷ್ಪಲತಾಳ ತೋಳು ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಮೇಡಂ, ನನ್ನ ಇಳಸ್ರಿ. ಸಾಕಾಗೈತಿ.”

“ಯಾಕವ್ವ?”

“ಹುಲುಗಿ ಇದ್ರ ನನ್ನ ಕೈಗೆ ಚೆಂಡು ಸರಿಯಾಗಿ ಬರತೈತಿ. ಇಲ್ಲಾಂದ್ರ ಬರೇ ದೊಡ್ಡಪ್ಪ ನೋಡ್ತಾನಂತ ಹೊಡೀತೀನ್ರಿ. ಗ್ವಾಡಿ ಮ್ಯಾಗ ಮೊದಲ ನೀವು ಬರದಿದ್ರಲ್ಲ, ಅದು ಖರೇ ಐತಿ. ನನಗ ಮೊದಲ ಗೊತ್ತಿತ್ತು.”

ಪುಷ್ಪಲತಾ ಸೋಫಾದ ಕಡೆ ನೋಡಿದಳು. ಅಲ್ಲಿಂದ ಅಮರೇಶಪ್ಪ ಬೆರಳೆತ್ತಿ, ಬೇಡ ಎಂದು ಅಲ್ಲಾಡಿಸುತ್ತಿದ್ದರು. ಬರುವ ವರ್ಷ ಹೊಸ್ತಿಲಲ್ಲಿ ನಿಂತಾಗ ಬಾಗಿಲು ತೆಗೆಯುವ ಬೆರಳು ಅದೇ. ಅವಳು ಬೆರಳಿಗೆ ಬೆನ್ನು ಹಾಕಿ, “ಹುಲುಗಮ್ಮಾ, ಏಳವ್ವ” ಎಂದಳು.

“ಸಾವ್ಕಾರ್ರು ಬ್ಯಾಡ ಅಂತಾರ್ರಿ ಮೇಡಂ,” ಎಂದ ಗಾದೆಪ್ಪ.

“ಆಡೋರು ಅವ್ರಲ್ಲ ಗಾದೆಪ್ಪ. ಸರಿ ಅತ್ಲಾಗ, ಕೊಡ ಚೆಲ್ಲೀತು.”

ಹುಲುಗಮ್ಮ ಒಳಗೆ ಹೋಗಿ ಎಂದಿನಂತೆ ಏನೂ ಮಾಡದವಳ ಹಾಗೆ ಎಲ್ಲವನ್ನೂ ಮಾಡಿದಳು. ಹಡಗಲಿಯ ಚೂಟಿ ಹುಡುಗಿಗೆ ದಾರಿಯೇ ಸಿಗಲಿಲ್ಲ. ಉಸಿರು ತೆಗೆದುಕೊಂಡ ಅರ್ಚನಾಳನ್ನೂ ಪುಷ್ಪಲತಾ ಕೊನೆಗೆ ಮತ್ತೆ ಒಳಗೆ ಕಳಿಸಿದಳು. ಹುಲುಗಮ್ಮ ಇಟ್ಟ ಚೆಂಡು ಅವಳ ಕೈಗೆ ಬಂತು, ಕೈಯಿಂದ ಬುಟ್ಟಿಗೆ ಹೋಯಿತು, ದೊಡ್ಡಪ್ಪನ ಹೆಸರಿಲ್ಲದ ಆ ಹಲಗೆಗೂ ತಾಗದೆ. ಕೊಟ್ಟೂರು ಒಂದೇ ಅಂಕದಿಂದ ಗೆದ್ದಿತು.

ಗೆದ್ದವರು ಯಾರು ಎಂಬುದು ಮರುವಾರ ಸನ್ಮಾನದ ಬ್ಯಾನರು ನೋಡಿದ ಮೇಲೆ ಗೊತ್ತಾಯಿತು: “ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ಶಾಸ್ತ್ರದ ಪಿತಾಮಹ ಶ್ರೀ ಅಮರೇಶಪ್ಪನವರಿಗೆ ಅಭಿನಂದನೆ.” ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಶಾಮಿಯಾನದ ಕೆಳಗೆ ಊರ ಪ್ರಮುಖರು, ಹಿಂದಿನ ಸಾಲುಗಳಲ್ಲಿ ಹುಡುಗಿಯರ ತಂದೆತಾಯಿಗಳು. ಅವರಲ್ಲಿ ಹೆಚ್ಚಿನವರು ಅಮರೇಶಪ್ಪನವರ ಅಂಗಡಿಗೆ ಚೀಲ ಹಾಕಿದವರು.

“ಸೂಟು ಮುರದಿದ್ದಕ್ಕ ಮಾಲು ಸ್ವಚ್ಛ ಆತು, ಸ್ವಚ್ಛ ಆಗಿದ್ದಕ್ಕ ಗೆದ್ದಿವಿ,” ಎಂದರು ಪಿತಾಮಹರು ಮೈಕಿನಲ್ಲಿ. “ಆ ಹೊಸಹಳ್ಳಿ ಹುಡುಗೀನೂ ಚಲೋ ಆಡ್ಯಾಳ. ಆಕಿಗೆ ಹಾಸ್ಟೆಲ್ ಕೊಡೋಣ. ಆದ್ರ ನಿಯಮ ನಿಯಮನ. ಆರನೇದಾಕಿ, ಸೂಟು ಮುರದು ಕೊಡೋಣ. ರೂಮ್ ಐತಿ, ಮಂಚ ಇಲ್ಲ. ಮಧ್ಯಾಹ್ನದ ಊಟ ಐತಿ, ರಾತ್ರಿದು ಮುರದೀವಿ.”

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಗೀತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಫೋಟೋ ಚೆನ್ನಾಗಿ ಬರಲೆಂದು ಹಣ್ಣಿನ ಬುಟ್ಟಿ ಕೊಡಲು ಹುಲುಗಮ್ಮನನ್ನೇ ಕರೆದರು. ತಂಡದ ಹುಡುಗಿಯರು ವೇದಿಕೆಯ ಹಿಂದೆ ಗುಸುಗುಸು ಮಾಡಿ, ಬಾಯಿ ಒರೆಸಿಕೊಳ್ಳುತ್ತ ಬಂದರು.

ಅಮರೇಶಪ್ಪ ಬುಟ್ಟಿಯ ಬಣ್ಣದ ಕಾಗದ ಸರಿಸಿದರು. ಒಳಗೆ ಒಂದು ಮೋಸಂಬಿ, ಸೇಬಿನ ಅರ್ಧ ಹೋಳು, ಬಾಳೆಹಣ್ಣಿನ ಸಿಪ್ಪೆಗಳು.

“ಏನವ್ವ ಇದು?” ಮೈಕು ಹತ್ತಿರವೇ ಇತ್ತು.

“ಸೂಟು ಮುರದೀವ್ರಿ ಸಾವ್ಕಾರ್ರ,” ಎಂದಳು ಹುಲುಗಮ್ಮ ಬಲು ವಿನಯದಿಂದ. “ಮೋಸಂಬಿ ಹಸಿ ಇದ್ವು. ಸೇಬಿನ ಮ್ಯಾಗ ಮಣ್ಣಿತ್ತು. ಬಾಳಿಹಣ್ಣಿನ ಹೊಟ್ಟು ನಿಮಗ ಬಿಟ್ಟೀವಿ, ಕೊಸರು.”

ಗಾದೆಪ್ಪ ಅಭ್ಯಾಸಬಲದಿಂದ ಬುಟ್ಟಿಯೊಳಗೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, “ಲೆಕ್ಕ ಸರಿ ಐತ್ರಿ ಧಣಿ” ಎಂದುಬಿಟ್ಟ.

ನಗು ಹಿಂದಿನ ಸಾಲಿನಿಂದ ಶುರುವಾಯಿತು. ಮೊದಲು ಯಾರೋ ಮುದುಕರ ಕೆಮ್ಮಿನಂಥದು, ಆಮೇಲೆ ಹೆಂಗಸರದು, ಆಮೇಲೆ ಯಾರದೆಂದು ಹೇಳಲಾಗದ್ದು. ಎಷ್ಟೋ ಸುಗ್ಗಿಗಳಿಂದ ಚೀಲದ ಬಾಯಿಗೆ ದಾರ ಹೊಲಿದಂತೆ ಹೊಲಿದಿಟ್ಟುಕೊಂಡಿದ್ದ ನಗು. “ಸಾವ್ಕಾರ್ರ, ಶಾಲೂ ಸ್ವಲ್ಪ ಹಸಿ ಕಾಣತೈತಿ ನೋಡ್ರಿ!” ಎಂದು ಒಬ್ಬ ಕೂಗಿದ. “ಮುರೀರ್ಲೇ, ಮುರೀರಿ!” ಎಂದು ಇನ್ನೊಬ್ಬ.

“ಆತು, ಆತು! ಆ ಹುಡುಗಿಗೆ ಸೂಟು ಬ್ಯಾಡ,” ಎಂದರು ಅಮರೇಶಪ್ಪ ಮೈಕನ್ನು ಕೈಯಿಂದ ಮುಚ್ಚುತ್ತ.

“ಕೇಳಸವಲ್ದ್ರಿ, ಜೋರ ಹೇಳ್ರಿ!” ಎಂದಳು ಹಿಂದಿನಿಂದ ಗೀತಮ್ಮ.

“ಮಂಚ ಐತಿ! ರಾತ್ರಿ ಊಟ ಐತಿ! ಪೂರ್ತಿ ಕೊಟ್ಟೀವಿ!”

ಅಂದೇ ಸಂಜೆ ಹುಲುಗಮ್ಮ ತನ್ನ ಚೀಲ ಹೊತ್ತು ಹಾಸ್ಟೆಲಿಗೆ ಹೋದಳು. ಪಿತಾಮಹರು ಯಾರಿಗಾದರೂ ಸೂಟು ಮುರಿಯದೆ ಮಲಗುವ ಪೈಕಿ ಅಲ್ಲ. ಸೋಮವಾರ ಪುಷ್ಪಲತಾಳ ಕೈಗೆ ಆಫೀಸಿನ ಆದೇಶ ಬಂತು: ಅವಳ ತರಗತಿಗಳನ್ನು ಅರ್ಧಕ್ಕಿಳಿಸಲಾಗಿದೆ. ಓದಿ ಅವಳಿಗೆ ನಗು ಬಂತು, ಎದೆಯಲ್ಲಿ ಒಂದು ಕಲ್ಲೂ ಕೂತಿತು. ಎರಡನ್ನೂ ಹೊತ್ತುಕೊಂಡೇ ಅಂಕಣಕ್ಕೆ ನಡೆದಳು.

ಹೊಸ ಸುಣ್ಣದ ಗೋಡೆಯೆದುರು ಅರ್ಚನಾ ಇದ್ದಿಲು ಹಿಡಿದು ನಿಂತಿದ್ದಳು. ಹತ್ತಿರದಲ್ಲೇ ಹುಲುಗಮ್ಮ ಚೆಂಡು ಪುಟಿಸುತ್ತಿದ್ದಳು.

“ಮೇಡಂ, ಮೊದಲಿಂದ ಬರೀರಿ,” ಎಂದಳು ಅರ್ಚನಾ ಇದ್ದಿಲು ಚಾಚುತ್ತ. “ನನ್ನ ಹೆಸರಿಂದ ಶುರು ಮಾಡ್ರಿ. ಅಡ್ಡಗೆರಿ ಹಾಕೋದು ಮರೀಬ್ಯಾಡ್ರಿ.”

“ಅದು ಇನ್ನ ಇರತೈತೋ ಇಲ್ಲೋ, ಆಡಿದ ಮ್ಯಾಲ ನೋಡೋಣಂತ. ಓಡ್ಲೇ!” ಎಂದು ಹುಲುಗಮ್ಮ ಚೆಂಡನ್ನು ಅವಳತ್ತ ಎಸೆದಳು.