ಮುಳ್ಳು ನಿಲ್ಲುವವರೆಗೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ಮಾತು ಚುಚ್ಚುತ್ತದೆ ಎಂದಲ್ಲ, ಅದೂ ಸ್ವಲ್ಪ ಇತ್ತೆನ್ನಿ. ಅಳತೆಯ ಕೋಣೆಯಲ್ಲಿ ದಪ್ಪ ಅಳೆಯುವ ಮಾಪಕದ ಮುಳ್ಳು ಪೂರ್ತಿ ನಿಲ್ಲುವವರೆಗೆ ಅವಳು ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಮೇಲ್ವಿಚಾರಕರು ಬಾಗಿಲಲ್ಲಿ ತುದಿಗಾಲಲ್ಲಿ ನಿಂತಿರಲಿ, ಹೊರಗೆ ಲಾರಿ ಹಾರನ್ ಬಾರಿಸುತ್ತಿರಲಿ, ಅವಳು ಮಾತ್ರ ಗಡಿಯಾರದಂಥ ಆ ಪುಟ್ಟ ಮುಖವನ್ನೇ ನೋಡುತ್ತ ಕೂತಿರುವಳು. ಮುಳ್ಳು ನಿಂತ ಮೇಲೆ ಒಂದು ಅಂಕಿ ಹೇಳಿದಳೆಂದರೆ ಮುಗಿಯಿತು. ಅದನ್ನು ಅಲ್ಲಗಳೆಯುವವರು ಆ ಕಾರ್ಖಾನೆಯಲ್ಲಿ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕ್ಯಾಮೆರಾ ಯಂತ್ರ, ಅದರ ಮುಂದೆ ಅವಳ ತಮ್ಮನ ಹೆಂಡತಿ. ವಸ್ತುವಿನ ಹಿಂದಿನಿಂದ ಬೆಳಕು ಬಿಟ್ಟು, ಪರದೆಯ ಮೇಲೆ ಮೂಡುವ ನೆರಳನ್ನು ಅಂಚಿನಿಂದ ಅಂಚಿಗೆ ಅಳೆಯುವುದು ಆ ಯಂತ್ರದ ಕೆಲಸ. ವಸ್ತುವನ್ನು ಅದು ಎಲ್ಲಿಯೂ ಮುಟ್ಟುವುದಿಲ್ಲ. ಮುಳ್ಳಕ್ಕನಿಗೆ ಈ ವಿದ್ಯೆ ರುಚಿಸಿರಲಿಲ್ಲ. "ಮುಟ್ಟದೆ ಅಳೆಯೋದು ಅಂದ್ರೆ ಅಂಗಡಿ ಗಾಜಿನ ಆಚೆ ನಿಂತು ಚಪ್ಪಲಿ ಅಳತೆ ನೋಡಿದ ಹಾಗೆ," ಎಂದು ಮೂಗು ಮುರಿಯುತ್ತಿದ್ದಳು. ಒಮ್ಮೆ ಅಂಚಿಗೆ ಎಣ್ಣೆಯ ಹನಿ ಅಂಟಿದ್ದರಿಂದ ಕ್ಯಾಮೆರಾ ಇದ್ದದ್ದಕ್ಕಿಂತ ಹೆಚ್ಚು ದಪ್ಪ ತೋರಿಸಿಬಿಟ್ಟಿತ್ತು. ಅದನ್ನು ಅವಳು ಮರೆತೂ ಇರಲಿಲ್ಲ, ಬೇರೆಯವರು ಮರೆಯಲು ಬಿಟ್ಟೂ ಇರಲಿಲ್ಲ. ತಮ್ಮನ ಹೆಂಡತಿ ಮಾತ್ರ ನಕ್ಕು, "ಆಯ್ತು ಅತ್ತಿಗೆ, ಒರೆಸಿ ಅಳೀತೀನಿ," ಎಂದಿದ್ದಳು. ಅಂದಿನಿಂದ ಒರೆಸದೆ ಏನನ್ನೂ ಬೆಳಕಿಗೆ ಇಟ್ಟವಳಲ್ಲ.

ತಮ್ಮನೂ ಅಲ್ಲಿಯೇ ಅಚ್ಚು ಮಾಡುವವನು. ಸಿಲಿಕೋನ್ ತುಂಬಿ ಆಕಾರ ಪಡೆಯುವ ಗುಳಿಯನ್ನು ಉಕ್ಕಿನಲ್ಲಿ ಕೊರೆಯುವುದರಲ್ಲಿ ಅವನದು ಎತ್ತಿದ ಕೈ. ಹಸುಗೂಸುಗಳ ಉಸಿರಾಟದ ಯಂತ್ರದಲ್ಲಿ ಗಾಳಿ ಸೋರದಂತೆ ತಡೆಯುವ ಸಣ್ಣ ಸಿಲಿಕೋನ್ ಬಳೆಗಳಿಗಾಗಿ ಅವನು ಒಂದು ಹೊಸ ಅಚ್ಚು ಮಾಡಿದ್ದ. ತಿಂಗಳುಗಟ್ಟಲೆ ಅದರ ಹಿಂದೆಯೇ ಬಿದ್ದಿದ್ದ, ಊಟದ ತಟ್ಟೆಯ ಮುಂದೆಯೂ ಅದರದ್ದೇ ಮಾತು. ಈ ಸಲ ಆಸ್ಪತ್ರೆಯವರು ಮೊದಲಿಗಿಂತ ಮೆತ್ತಗಿನ ಬಳೆ ಕೇಳಿದ್ದರು, ಕಾರ್ಖಾನೆಗೆ ಹೊಸ ಸಿಲಿಕೋನ್ ಬಂದಿತ್ತು.

ಅಂದು ಬೆಳಿಗ್ಗೆ ಆ ಅಚ್ಚಿನ ಮೊದಲ ಬಳೆಗಳು ಮುಳ್ಳಕ್ಕನ ಮೇಜಿಗೆ ಬಂದವು. ಅವಳು ಎಂದಿನಂತೆ ಮೊದಲು ಉಕ್ಕಿನ ಕಡ್ಡಿಯೊಂದನ್ನು ಅಳೆದು ಮಾಪಕ ಸರಿಯಿದೆ ಎಂದು ಖಚಿತ ಮಾಡಿಕೊಂಡಳು. ಆಮೇಲೆ ಬಳೆಯನ್ನಿಟ್ಟು, ಮಾಪಕದ ಪಾದವನ್ನು, ಎಂದರೆ ವಸ್ತುವಿಗೆ ತಾಗುವ ಅದರ ತುದಿಯನ್ನು, ಮೆಲ್ಲಗೆ ಇಳಿಸಿ ಕಾದಳು. ಮುಳ್ಳು ಇಳಿಯಿತು, ಇನ್ನಷ್ಟು ಇಳಿಯಿತು, ಬಹಳ ಹೊತ್ತಿನ ಮೇಲೆ ನಿಂತಿತು. ಇರಬೇಕಾದ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇನ್ನೊಂದು ಬಳೆಯೂ ಹಾಗೆಯೇ, ಮತ್ತೊಂದೂ ಹಾಗೆಯೇ.

ತಮ್ಮನೆಂದು ಅವಳು ಎರಡು ಮಾತಾಡಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಬಳೆ ತೆಳ್ಳಗಿದೆ ಕಣೋ. ಗುಳಿ ಆಳ ಸಾಲದು."

ಅವನ ಮುಖ ಸಣ್ಣದಾಯಿತು. "ಎಷ್ಟು?" ಎಂದ. ಅವಳು ಅಂಕಿ ಹೇಳಿದಳು. "ಸರಿ, ಅಷ್ಟು ಕೊರೆದುಬಿಡ್ತೀನಿ," ಎಂದು ಅಚ್ಚು ಬಿಚ್ಚಿಸಲು ಹೊರಟೇ ಹೋದ. ತಮ್ಮನ ಕೆಲಸಕ್ಕೆ ತನ್ನ ಬಾಯಿಂದಲೇ ಕುಂದು ಹೇಳಬೇಕಾಯಿತಲ್ಲ ಎಂದು ಮುಳ್ಳಕ್ಕ ಒಳಗೇ ನೊಂದುಕೊಂಡಳು. ಆದರೆ ಅಳತೆ ಅಳತೆಯೇ.

ಮೂಲೆಯಲ್ಲಿ ಕೂತಿದ್ದ ತಮ್ಮನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದುಬಂದು ಕೆಲವು ಬಳೆಗಳನ್ನು ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮುಳ್ಳಕ್ಕನ ಮೇಜಿನ ಬಳಿ ಬಂದು ನಿಂತಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನನಗೆ ಬಳೆ ಸರಿಯಾಗಿದೆ ಅಂತ ಬರ್ತಿದೆ."

"ಗಂಡನ ಅಚ್ಚಲ್ವಾ, ಸರಿಯಾಗೇ ಬರುತ್ತೆ."

ಬಾಯಿ ಜಾರಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮಾತು ಬಿಟ್ಟು ಹೋಗುತ್ತಿದ್ದರು. ತಮ್ಮನ ಹೆಂಡತಿಯ ಕಿವಿ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ.

"ಅದಕ್ಕೇ ನನ್ನ ಅಂಕಿ ನಂಬಬೇಡಿ ಅಂತೀನಿ. ಬೆಳಿಗ್ಗೆ ನೀವು ಅಳೆದ ಉಕ್ಕಿನ ಕಡ್ಡೀನೇ ಒರೆಸಿ ನಾನೂ ಅಳೆದೆ. ನಿಮ್ಮದೂ ನನ್ನದೂ ಒಂದೇ ಬಂತು. ಉಕ್ಕಿನಲ್ಲಿ ಜಗಳ ಇಲ್ಲ, ಬಳೇಲಿ ಮಾತ್ರ ಇದೆ. ಯಾಕೆ ಅಂತ ನೋಡೋಣ, ನಿಮ್ಮ ಮಾಪಕ ಎತ್ಕೊಂಡು ಬನ್ನಿ."

ಮುಳ್ಳಕ್ಕನಿಗೆ ಆ ಮಾತಿನ ಅಚ್ಚುಕಟ್ಟು ಒಳಗೊಳಗೇ ಹಿಡಿಸಿತು. ಹುಡುಗಿ ವಾದ ಮಾಡುತ್ತಿಲ್ಲ, ತನ್ನ ಅಳತೆಯನ್ನೇ ಮೊದಲು ಒರೆಗೆ ಹಚ್ಚಿ ನೋಡಿಕೊಂಡು ಬಂದಿದ್ದಾಳೆ. ಮುಳ್ಳಕ್ಕ ಮಾಪಕವನ್ನು ಎತ್ತಿಕೊಂಡು ಹೋಗಿ ಕ್ಯಾಮೆರಾದ ಬೆಳಕಿಗೆ ಅಡ್ಡವಾಗಿ ಇಟ್ಟಳು. ಪಾದದ ಕೆಳಗೆ ಬಳೆ ಕೂತಿತು. ಪರದೆಯ ಮೇಲೆ ಅದರ ನೆರಳು ಅಂಗೈಯಷ್ಟು ದೊಡ್ಡದಾಗಿ, ದುಂಡಗೆ ಕಂಡಿತು.

"ನೀವು ದಿನಾ ಅಳೆಯೋ ಹಾಗೇ ಅಳೀರಿ ಅತ್ತಿಗೆ."

ಮುಳ್ಳಕ್ಕ ಪಾದವನ್ನು ಇಳಿಸಿದಳು. ಅವಳಷ್ಟು ಹಗುರವಾಗಿ ಅದನ್ನು ಇಳಿಸುವವರು ಇನ್ನೊಬ್ಬರಿರಲಿಲ್ಲ. ಆದರೂ ಪರದೆಯ ಮೇಲೆ ಬಳೆಯ ನೆತ್ತಿ ತಗ್ಗಿತು, ಪಕ್ಕೆಗಳು ಉಬ್ಬಿದವು. ಅವಳು ಅಭ್ಯಾಸದಂತೆ ಕಾದಳು. ಕಾದಷ್ಟೂ ಬಳೆ ತಗ್ಗುತ್ತ ಹೋಯಿತು, ಅದರ ಜೊತೆಗೇ ಮುಳ್ಳೂ ಇಳಿಯುತ್ತ ಹೋಯಿತು. ಕೊನೆಗೆ ಎರಡೂ ನಿಂತವು. ಅಂಕಿ ಬೆಳಗಿನದೇ. ಅವಳು ಪಾದವನ್ನು ಎತ್ತಿದಳು. ಬಳೆ ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಮೈ ನೆಟ್ಟಗೆ ಮಾಡಿಕೊಂಡು ಮತ್ತೆ ದುಂಡಗಾಯಿತು.

ಮುಳ್ಳಕ್ಕನಿಗೆ ಅರ್ಥವಾಯಿತು. ಮಾಪಕ ಸುಳ್ಳು ಹೇಳಿರಲಿಲ್ಲ, ಒತ್ತಿಸಿಕೊಂಡ ಬಳೆಯ ದಪ್ಪವನ್ನು ಸರಿಯಾಗಿಯೇ ಹೇಳಿತ್ತು. ಹಳೆಯ ಗಟ್ಟಿ ಬಳೆಗಳು ಮಾಪಕದ ಪಾದಕ್ಕೆ ಜಗ್ಗುತ್ತಿರಲಿಲ್ಲ. ಈ ಮೆತ್ತನೆಯದರ ಮುಂದೆ, ಇಷ್ಟು ವರ್ಷ ಯಾವ ತಾಳ್ಮೆಗೆ ಜನ ಅವಳನ್ನು ಹೊಗಳಿದ್ದರೋ ಅದೇ ತಾಳ್ಮೆ ಅಳತೆಯನ್ನು ಕೆಡಿಸಿತ್ತು. ತಾನು ಮುಟ್ಟಿದ ವಸ್ತುವಿಗೆ ಏನಾಗುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡದ್ದು ಇದೇ ಮೊದಲು. ಇದನ್ನು ತೋರಿಸಲು ಹೊಳೆಯಿತಲ್ಲ ಈ ಹುಡುಗಿಗೆ, ಭೇಷ್, ಎಂದುಕೊಂಡಳು. ಮರುಕ್ಷಣ ತಮ್ಮನ ನೆನಪಾಯಿತು.

"ಅಯ್ಯೋ, ಅವನು ಕೊರೀತಿದ್ದಾನೆ!"

ಅಚ್ಚಿನ ಶೆಡ್ಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಲ್ಲಿನ ಗದ್ದಲದಲ್ಲಿ ಅದು ಕೇಳಿಸಿದ್ದೇ ಅಪರೂಪ. ಮುಳ್ಳಕ್ಕ ಓಡಿದಳು. ಅವಳು ಓಡಿದ್ದನ್ನು ಕಾರ್ಖಾನೆ ಎಂದೂ ಕಂಡಿರಲಿಲ್ಲ. ಕೈಗಾಡಿ ತಳ್ಳುತ್ತಿದ್ದವರು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ದಾರಿ ಬಿಟ್ಟರು. ಒಮ್ಮೆ ಕೊರೆದ ಉಕ್ಕನ್ನು ಮತ್ತೆ ತುಂಬಿ ಮೊದಲಿನಂತೆ ಮಾಡುವುದು ಯಾರ ಕೈಲೂ ಆಗದ ಕೆಲಸ, ಅದರಲ್ಲೂ ಅಂಥ ಅಚ್ಚಿನಲ್ಲಿ. ಅವಳ ತಲೆಯಲ್ಲಿ ಇದೊಂದೇ ಇತ್ತು.

ಕಿವಿಗೆ ಮುಚ್ಚಳ ಹಾಕಿಕೊಂಡು ತಮ್ಮ ಬಗ್ಗಿ ನಿಂತಿದ್ದ. ಅಚ್ಚು ಯಂತ್ರಕ್ಕೆ ಬಿಗಿದಿತ್ತು, ಕೊರೆಯುವ ಅಲಗು ತಿರುಗುತ್ತ ಗುಳಿಯ ಮೇಲಕ್ಕೆ ಬರುತ್ತಿತ್ತು. ಕೂಗಿದರೆ ಕೇಳಿಸುವಂತಿರಲಿಲ್ಲ. ಇನ್ನೊಬ್ಬರ ಯಂತ್ರಕ್ಕೆ ಕೈ ಹಾಕಬಾರದೆಂಬುದು ಅಲ್ಲಿನ ಕಟ್ಟುನಿಟ್ಟು, ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳೂ ಅವಳೇ. ನೇರವಾಗಿ ಹೋಗಿ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು.

ಯಂತ್ರ ನಿಂತಿತು. ತಮ್ಮ ಬೆಚ್ಚಿ ತಿರುಗಿದ. "ಅಕ್ಕಾ! ಏನಾಯ್ತು?"

"ಕೊರೆದುಬಿಟ್ಯಾ?"

"ಇಲ್ಲ, ಇನ್ನೇನು ಇಳಿಸ್ಬೇಕಿತ್ತು."

ಅವಳು ಯಂತ್ರದ ಅಂಚನ್ನು ಹಿಡಿದು ಉಸಿರು ತೆಗೆದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೇ ದನಿ ಜೋರಾಯಿತು. "ಅಲ್ಲ ಕಣೋ, ನೀನೇ ಮಾಡಿದ ಅಚ್ಚು, ಸರಿಯಿದೆ ಅಂತ ನಿನಗೆ ಗೊತ್ತಿರಲಿಲ್ವಾ? ಇನ್ನೊಂದು ಸಲ ನೋಡು ಅಂತ ಯಾಕೆ ಹೇಳಲಿಲ್ಲ?"

"ನೀನು ಹೇಳಿದ್ಮೇಲೆ ಇನ್ನೇನು ಕೇಳೋದು?" ಎಂದ ಅವನು, ನಿಜವಾಗಿಯೂ ಅರ್ಥವಾಗದವನಂತೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ನಂಬಿಕೆ ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಅಷ್ಟರಲ್ಲಿ ಮೇಲ್ವಿಚಾರಕರು ಏದುಸಿರು ಬಿಡುತ್ತ ಬಂದರು, ಅವರ ಹಿಂದೆ ತಮ್ಮನ ಹೆಂಡತಿ. ಸಂಗತಿ ಕೇಳಿ ಮೇಲ್ವಿಚಾರಕರು ತಲೆ ಕೆರೆದುಕೊಂಡರು. "ಅಲ್ಲಮ್ಮಾ, ಗಂಡನ ಅಚ್ಚು ಸರಿ ಅಂತ ಹೆಂಡತಿ ಹೇಳಿದ್ರೆ ಜನ ಏನಂತಾರೆ?"

"ಜನ ನನ್ನನ್ನ ಕೇಳ್ಲಿ," ಎಂದಳು ಮುಳ್ಳಕ್ಕ, ಇಡೀ ಶೆಡ್ಡಿಗೆ ಕೇಳುವ ಹಾಗೆ. "ತಪ್ಪು ಅಳೆದವಳು ನಾನು. ಸರಿಯಾಗಿ ಅಳೆದವಳು ಇವಳು. ಇವಳ ಅಂಕಿ ಕೆಳಗೆ ನನ್ನ ಸಹಿ ಹಾಕಿ ಕೊಡ್ತೀನಿ, ಸಾಕಾ?"

ತಮ್ಮನ ಹೆಂಡತಿ ತಲೆ ತಗ್ಗಿಸಿದಳು. ಮುಳ್ಳಕ್ಕ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, "ಗಂಡನ ಅಚ್ಚು ಅಂತ ಆಡ್ಕೊಂಡೆನಲ್ಲ, ಅದನ್ನ ಮನಸ್ಸಿಗೆ ಹಾಕೋಬೇಡ," ಎಂದಳು.

"ಹಾಕ್ಕೊಂಡಿದ್ದೆ ಅತ್ತಿಗೆ. ಈಗ ತೆಗೆದೆ," ಎಂದಳು ಅವಳು, ನಗುತ್ತ.

ಅಳತೆಯ ಕೋಣೆಗೆ ಮರಳಿದ ಮೇಲೆ ಮುಳ್ಳಕ್ಕ ತನ್ನ ಮೇಜಿಗೆ ಹೋಗಲಿಲ್ಲ. ಸ್ಟೂಲನ್ನು ಎಳೆದುಕೊಂಡು ಬಂದು ಕ್ಯಾಮೆರಾ ಯಂತ್ರದ ಮುಂದೆ ಕೂತಳು.

"ಉಕ್ಕು ನಾನು ನೋಡ್ಕೋತೀನಿ. ಮೆತ್ತನೆಯದೆಲ್ಲ ಇನ್ಮೇಲೆ ನಿನ್ನದು. ಹೇಗೆ ಅಂತ ನನಗೂ ಸ್ವಲ್ಪ ತೋರಿಸು."

ತಮ್ಮನ ಹೆಂಡತಿ ಬಳೆಯೊಂದನ್ನು ಒರೆಸಿ ಬೆಳಕಿಗಿಟ್ಟಳು. ದುಂಡನೆಯ ನೆರಳು ಮೂಡಿತು, ಪಕ್ಕದಲ್ಲಿ ಅಂಕಿ ಬಂತು. ಇರಬೇಕಾದಷ್ಟೇ.

"ಇದಕ್ಕೆ ಎಷ್ಟು ಹೊತ್ತು ಕಾಯ್ಬೇಕು?"

"ಕಾಯೋದೇ ಬೇಡ ಅತ್ತಿಗೆ. ಆಗೋಯ್ತು."

ಮುಳ್ಳಕ್ಕ ಹೂಂ ಎಂದಳು. ಆದರೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತಳು, ಮುಳ್ಳೊಂದು ನಿಲ್ಲುವುದು ಬಾಕಿಯಿದೆ ಎಂಬಂತೆ. ತಮ್ಮನ ಹೆಂಡತಿ ಬಳೆಯನ್ನು ತೆಗೆಯಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಕಾದಳು.